ಸಿಎಂಎಸ್ ಜಾಲತಾಣಕ್ಕೆ ಬೇರೊಂದು ಬ್ಲಾಗ್ ಎಂಜಿನ್ ಜೋಡಿಸುವ ಕ್ರಮ

ಜಾಲತಾಣಕ್ಕೊಂದು ಬ್ಲಾಗ್ ಸೇರಿಸಿಕೊಡಿ ಎಂದು ಬೆಳಗಾವಿಯ ನಮ್ಮ ಕಚೇರಿಗೆ ಬರುವವರಿಗೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಈಗಿರುವ ವ್ಯವಸ್ಥೆಯಲ್ಲಿಯೇ ಲೇಖನ ಬರೆಯುವುದಕ್ಕೆ ಏನು ಅಡ್ಡಿ? ಡ್ರುಪಲ್ ಆಗಲಿ, ಜೂಮ್ಲಾ ಆಗಲಿ, ವಿಷಯ ನಿರ್ವಹಣೆಗೆಂದೇ ಹುಟ್ಟಿದ ತಂತ್ರಾಂಶಗಳು, ಇವನ್ನೇ ಸಿಎಂಎಸ್ ಎನ್ನುತ್ತಾರೆ. ಶೀರ್ಷಿಕೆ, ದಿನಾಂಕ, ಲೇಖಕರ ಹೆಸರು, ವರ್ಗ, ಒಂದು ಚಿತ್ರ ಇಷ್ಟೇ ಬೇಕಾಗಿದ್ದರೆ ಅವುಗಳಲ್ಲಿಯೇ ಅರ್ಧ ದಿನದಲ್ಲಿ ಲೇಖನ ವಿಭಾಗವನ್ನು ಸಿದ್ಧಪಡಿಸಬಹುದು. ಬ್ಲಾಗ್ ನಡೆಸುವ ತಂತ್ರಾಂಶವನ್ನು, ಅಂದರೆ ಬ್ಲಾಗ್ ಎಂಜಿನನ್ನು, ಬೇರೆಯಾಗಿ ತಂದು ಎರಡು ಎಂಜಿನ್ ಇಟ್ಟುಕೊಂಡ ದಿನದಿಂದ ಎರಡು ಕಡೆ ಅಪ್‌ಡೇಟ್, ಎರಡು ಕಡೆ ಬ್ಯಾಕಪ್, ಎರಡು ಕಡೆ ಪಾಸ್‌ವರ್ಡ್ ಎಂಬ ಹೊರೆ ಶುರುವಾಗುತ್ತದೆ. ಅದನ್ನು ಹೊರುವವರು ಯಾರೆಂದು ಗೊತ್ತಿಲ್ಲದೆ ಕೆಲಸಕ್ಕೆ ಕೈಹಾಕಬಾರದು.

ಹಾಗಿದ್ದರೂ ಜೋಡಿಸಲೇಬೇಕಾದ ಸಂದರ್ಭಗಳಿವೆ. ಸಂಸ್ಥೆಯ ಬರಹಗಾರರು ಹಲವು ವರ್ಷಗಳಿಂದ ವರ್ಡ್‌ಪ್ರೆಸ್‌ನಲ್ಲಿಯೋ ಬ್ಲಾಗರ್‌ನಲ್ಲಿಯೋ ಬರೆದಿಟ್ಟ ನೂರಾರು ಲೇಖನಗಳಿರಬಹುದು. ಮುಖ್ಯ ಜಾಲತಾಣವನ್ನು ಬೇರೊಬ್ಬರು ಗುತ್ತಿಗೆಯ ಮೇಲೆ ನೋಡಿಕೊಳ್ಳುತ್ತಿದ್ದು, ಹೊಸದೊಂದು ಪುಟದ ಬಗೆಯನ್ನು ಸೇರಿಸಬೇಕಾದರೂ ಕಾಗದಪತ್ರದ ದಾರಿ ಹಿಡಿಯಬೇಕಾಗಬಹುದು. ಅಥವಾ ಬರೆಯುವವರು ಮೊಬೈಲಿನಲ್ಲಿಯೇ ಬರೆದು ಅಲ್ಲಿಂದಲೇ ಪ್ರಕಟಿಸುವವರಾಗಿದ್ದು, ಸಿಎಂಎಸ್‌ನ ಫಾರ್ಮುಗಳನ್ನು ಕಂಡರೆ ಬೆದರುವವರಾಗಿರಬಹುದು. ಇಲ್ಲಿ ಉದಾಹರಣೆಗಾಗಿ ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ಒಂದು ನೇಕಾರರ ಸಹಕಾರ ಸಂಘವಿದೆ ಎಂದು ಕಲ್ಪಿಸಿಕೊಳ್ಳೋಣ. ಅದರ ಮುಖ್ಯ ಜಾಲತಾಣ ಡ್ರುಪಲ್‌ನಲ್ಲಿದೆ: ಸೀರೆಗಳ ಪಟ್ಟಿ, ದರ, ಮಳಿಗೆಯ ವಿಳಾಸ, ಸದಸ್ಯರಿಗೆ ಸುತ್ತೋಲೆಗಳು. ಸೀರೆ, ಖಣ, ಬಣ್ಣ, ಮಗ್ಗ ಇವುಗಳ ಬಗ್ಗೆ ಸಂಘದವರು ಬರೆಯುವ ಲೇಖನಗಳು ವರ್ಡ್‌ಪ್ರೆಸ್‌ನಲ್ಲಿವೆ. ಓದುಗರಿಗೆ ಇವೆರಡೂ ಒಂದೇ ಜಾಲತಾಣವಾಗಿ ಕಾಣಬೇಕು.

ವಿಳಾಸವನ್ನು ಮೊದಲು ನಿರ್ಧರಿಸಿರಿ

ಥೀಮ್, ಬಣ್ಣ, ಪ್ಲಗಿನ್ ಇವೆಲ್ಲ ಆಮೇಲೆ ಬದಲಾಯಿಸಬಹುದಾದವು. ವಿಳಾಸ ಹಾಗಲ್ಲ, ಒಮ್ಮೆ ಜನರು ಅದನ್ನು ವಾಟ್ಸ್ಆ್ಯಪ್‌ನಲ್ಲಿ ಹಂಚಿಕೊಂಡರೆ, ಗೂಗಲ್ ಅದನ್ನು ದಾಖಲಿಸಿಕೊಂಡರೆ, ಅದು ನಿಮ್ಮ ಕೈಮೀರಿ ಹೋಗಿರುತ್ತದೆ. ಆದ್ದರಿಂದ ಎಲ್ಲಕ್ಕಿಂತ ಮೊದಲು ಇದನ್ನು ತೀರ್ಮಾನಿಸಬೇಕು.

ಮೊದಲನೆಯ ದಾರಿ ಉಪಡೊಮೈನ್. ಸಂಘದ ಡೊಮೈನ್ ಹೆಸರಿನ ಆರಂಭದಲ್ಲಿ ‘ಲೇಖನ’ ಎಂಬ ಪದವನ್ನು ಚುಕ್ಕಿಯೊಡನೆ ಸೇರಿಸಿ, ಯಾವ ಹೆಸರು ಯಾವ ಸರ್ವರಿಗೆ ಹೋಗಬೇಕೆಂದು ಹೇಳುವ ಡಿಎನ್‌ಎಸ್‌ನಲ್ಲಿ ಒಂದು ದಾಖಲೆ ಬರೆದು, ಬ್ಲಾಗನ್ನು ಬೇಕಾದ ಸರ್ವರಿನಲ್ಲಿ ಇಡಬಹುದು. ಎರಡು ಎಂಜಿನ್‌ಗಳು ಒಂದನ್ನೊಂದು ಮುಟ್ಟುವುದೇ ಇಲ್ಲ. ಒಂದು ಕೆಟ್ಟರೆ ಇನ್ನೊಂದು ನಡೆಯುತ್ತಿರುತ್ತದೆ. ಬ್ಲಾಗರ್ ಬಳಸುವವರಿಗೆ ಬೇರೆ ಆಯ್ಕೆಯೂ ಇಲ್ಲ, ಏಕೆಂದರೆ ಅದನ್ನು ನಿಮ್ಮ ಜಾಲತಾಣದ ಒಳಗಿನ ಫೋಲ್ಡರಿನಂತೆ ಕೂರಿಸಲು ಬರುವುದಿಲ್ಲ.

ಎರಡನೆಯದು ಉಪಫೋಲ್ಡರ್: ಮುಖ್ಯ ವಿಳಾಸದ ಕೊನೆಗೆ ಓರೆಗೆರೆ ಹಾಕಿ ‘ಲೇಖನ’ ಎಂದು ಬರುವ ಬಗೆ. ಓದುಗರಿಗೆ ಇದು ಸಹಜವಾಗಿ ಕಾಣುತ್ತದೆ, ಭದ್ರತಾ ಪ್ರಮಾಣಪತ್ರ ಒಂದೇ ಸಾಕು, ಮತ್ತು ಎಲ್ಲ ಪುಟಗಳೂ ಒಂದೇ ಡೊಮೈನಿನಲ್ಲಿ ಉಳಿಯುತ್ತವೆ. ಆದರೆ ಇದಕ್ಕೆ ಬ್ಲಾಗ್ ಎಂಜಿನ್ ಅದೇ ಸರ್ವರಿನಲ್ಲಿರಬೇಕು, ಇಲ್ಲವೇ ಮುಂದೆ ನಿಂತ ವೆಬ್ ಸರ್ವರ್ ಆ ಫೋಲ್ಡರಿಗೆ ಬಂದ ಕೋರಿಕೆಗಳನ್ನು ಹಿಂದಿನ ಇನ್ನೊಂದು ಯಂತ್ರಕ್ಕೆ ದಾಟಿಸಬೇಕು. ಈ ದಾಟಿಸುವಿಕೆಗೆ ರಿವರ್ಸ್ ಪ್ರಾಕ್ಸಿ ಎನ್ನುತ್ತಾರೆ. ಘೋಸ್ಟ್ ಎಂಬ ಎಂಜಿನ್ ಬಳಸುವವರಿಗೆ ಇದು ಅನಿವಾರ್ಯ. ಅದು ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಜೆಎಸ್ ಮೇಲೆ ನಡೆಯುವಂಥದ್ದು, ತಾನೇ 2368ನೆಯ ಪೋರ್ಟಿನಲ್ಲಿ (ಸರ್ವರಿನ ಬಾಗಿಲ ಸಂಖ್ಯೆ) ಕುಳಿತಿರುತ್ತದೆ, ವರ್ಡ್‌ಪ್ರೆಸ್, ಡ್ರುಪಲ್‌ಗಳ ಭಾಷೆಯಾದ ಪಿಎಚ್‌ಪಿಗಾಗಿ ಮಾಡಿದ ಅಗ್ಗದ ಹೋಸ್ಟಿಂಗ್‌ನಲ್ಲಿ ಅದನ್ನು ನಡೆಸಲಾಗದು.

ಮೂರನೆಯ ದಾರಿಯೊಂದಿದೆ: ಬ್ಲಾಗಿನ ಪುಟವನ್ನು ಐಫ್ರೇಮ್ ಎಂಬ ಕಿಟಕಿಯೊಳಗೆ ತೂರಿಸುವುದು. ಹತ್ತು ನಿಮಿಷದ ಕೆಲಸ. ಮೊಬೈಲಿನಲ್ಲಿ ಕಿಟಕಿಯೊಳಗೊಂದು ಸ್ಕ್ರೋಲ್, ಹೊರಗೊಂದು ಸ್ಕ್ರೋಲ್. ಯಾವ ಲೇಖನ ತೆರೆದರೂ ಮೇಲಿನ ವಿಳಾಸ ಬದಲಾಗುವುದಿಲ್ಲವಾದ್ದರಿಂದ ಯಾರಿಗೂ ಕೊಂಡಿ ಕಳಿಸಲಾಗದು. ಬೇಡ.

ನನ್ನ ಸಲಹೆಯೆಂದರೆ, ಸರ್ವರಿನ ಮೇಲೆ ನಿಮಗೆ ಹಿಡಿತವಿದ್ದರೆ ಉಪಫೋಲ್ಡರ್, ಇಲ್ಲದಿದ್ದರೆ ಉಪಡೊಮೈನ್. ಇವೆರಡರ ನಡುವೆ ಅನುಮಾನದಲ್ಲಿ ಆರಂಭಿಸಿ ಆಮೇಲೆ ನೋಡೋಣ ಎನ್ನಬಾರದು. ಒಂದು ಶಿಕ್ಷಣ ಸಂಸ್ಥೆಯ ಬ್ಲಾಗನ್ನು ನಾನು ಹಾಗೆಯೇ ಉಪಡೊಮೈನಿನಲ್ಲಿ ಆರಂಭಿಸಿ, ಎಂಟು ತಿಂಗಳ ಬಳಿಕ ಉಪಫೋಲ್ಡರಿಗೆ ತಂದೆ. ಡೇಟಾಬೇಸಿನಲ್ಲಿ ಹಳೆಯ ವಿಳಾಸವಿದ್ದ ಕಡೆಯಲ್ಲೆಲ್ಲ ಹೊಸದನ್ನು ಹಾಕಿಬಿಡೋಣವೆಂದು ಒಂದೇ ಎಸ್‌ಕ್ಯೂಎಲ್ ಆದೇಶ ಕೊಟ್ಟೆ. ಲೇಖನಗಳು ಸರಿಯಾಗಿಯೇ ತೆರೆದುಕೊಂಡವು, ಆದರೆ ಬದಿಯ ಪಟ್ಟಿಯಲ್ಲಿದ್ದ ವಿಜೆಟ್‌ಗಳೂ ಥೀಮಿನ ಹೊಂದಾಣಿಕೆಗಳೂ ಮಾಯವಾದವು. ವರ್ಡ್‌ಪ್ರೆಸ್ ಇಂಥ ಹೊಂದಾಣಿಕೆಗಳನ್ನು ಉಳಿಸುವಾಗ ಪ್ರತಿ ಪಠ್ಯದ ಜೊತೆಗೆ ಅದರ ಉದ್ದ ಎಷ್ಟು ಬೈಟ್ ಎಂಬುದನ್ನೂ ಬರೆದಿಡುತ್ತದೆ; ವಿಳಾಸದ ಉದ್ದ ಬದಲಾದರೂ ಆ ಲೆಕ್ಕ ಹಳೆಯದೇ ಉಳಿದಿದ್ದರಿಂದ ಅದು ಇಡೀ ದಾಖಲೆಯನ್ನೇ ತಿರಸ್ಕರಿಸಿತ್ತು. ಹೀಗೆ ಸ್ಥಳಾಂತರಿಸಬೇಕಾದಾಗ ಡಬ್ಲ್ಯೂಪಿ-ಸಿಎಲ್‌ಐ ಎಂಬ ಆದೇಶಸಾಲಿನ ಉಪಕರಣದ ಹುಡುಕಿ-ಬದಲಿಸುವ ಆದೇಶವನ್ನೇ ಬಳಸಬೇಕು. ಅದು ಉದ್ದದ ಲೆಕ್ಕವನ್ನೂ ತಿದ್ದುತ್ತದೆ. ಮೊದಲು ಅದನ್ನು ಪರೀಕ್ಷಾರ್ಥವಾಗಿ ಓಡಿಸಿ ಎಷ್ಟು ಕಡೆ ಬದಲಾಗುತ್ತದೆಂದು ನೋಡಿಕೊಳ್ಳುವ ಸೌಲಭ್ಯವೂ ಇದೆ.

ಮುಂದಿನ ವಿವರಣೆಯನ್ನು ಉಪಫೋಲ್ಡರ್ ಆಯ್ಕೆಯ ಮೇಲೆಯೇ ಬರೆದಿದ್ದೇನೆ.

ಹಾಸು ಬೇರೆ ಬೇರೆ ಇರಲಿ

ಇಳಕಲ್ ಸೀರೆಯ ಒಡಲಿಗೊಂದು ಹಾಸು, ಸೆರಗಿಗೊಂದು ಹಾಸು. ಎರಡನ್ನೂ ಎಳೆ ಎಳೆಯಾಗಿ ಕುಣಿಕೆ ಹಾಕಿ ಸೇರಿಸುತ್ತಾರೆಯೇ ಹೊರತು ಒಂದೇ ಹಾಸಿನಲ್ಲಿ ಬೆರೆಸುವುದಿಲ್ಲ. ಎರಡು ಎಂಜಿನ್‌ಗಳ ವಿಷಯದಲ್ಲಿಯೂ ಅದೇ ಕ್ರಮ ಒಳ್ಳೆಯದು. ಡೇಟಾಬೇಸ್ ಬೇರೆ, ಡೇಟಾಬೇಸ್ ಬಳಕೆದಾರ ಬೇರೆ, ಲಾಗಿನ್ ಬೇರೆ ಇರಲಿ. ಸೇರುವುದು ಮೂರೇ ಕಡೆ: ವಿಳಾಸ, ಪುಟದ ತಲೆ ಮತ್ತು ಪಾದ, ಹಾಗೂ ಮುಖಪುಟದಲ್ಲಿ ಕಾಣುವ ಹೊಸ ಲೇಖನಗಳ ಪಟ್ಟಿ. ಹೋಸ್ಟಿಂಗ್‌ನವರು ಒಂದೇ ಡೇಟಾಬೇಸ್ ಕೊಟ್ಟಿದ್ದರೆ ಕೋಷ್ಟಕಗಳ ಹೆಸರಿನ ಮುಂದೆ ಬರುವ ಪೂರ್ವಪದವನ್ನು ಬದಲಿಸಿ ಎರಡನ್ನೂ ಅದರಲ್ಲಿಯೇ ಇಡಬಹುದು. ಅದು ನಡೆಯುತ್ತದೆ, ಆದರೆ ಒಂದನ್ನು ಮಾತ್ರ ಹಳೆಯ ಬ್ಯಾಕಪ್‌ನಿಂದ ಮರಳಿ ತರಬೇಕಾದ ದಿನ ಆ ಜಿಪುಣತನದ ಬೆಲೆ ತಿಳಿಯುತ್ತದೆ.

ಕೆಲಸ ಆರಂಭಿಸುವ ಮುನ್ನ ಮುಖ್ಯ ಜಾಲತಾಣದ ಆವೃತ್ತಿಯನ್ನು ನೋಡಿರಿ. ಡ್ರುಪಲ್ 7ಕ್ಕೆ 2025ರ ಜನವರಿ 5ರಂದು, ಜೂಮ್ಲಾ 3ಕ್ಕೆ 2023ರ ಆಗಸ್ಟ್ 17ರಂದು ಅಧಿಕೃತ ಬೆಂಬಲ ನಿಂತುಹೋಗಿದೆ. ಅಂಥ ಜಾಲತಾಣದ ಪಕ್ಕದಲ್ಲಿ, ಒಂದೇ ಸರ್ವರ್ ಖಾತೆಯಡಿಯಲ್ಲಿ ಹೊಸ ಬ್ಲಾಗ್ ಇಟ್ಟರೆ, ಹಳೆಯದರ ಬಿರುಕಿನಿಂದ ಒಳಬಂದವನಿಗೆ ಹೊಸದೂ ಕೈವಶವಾಗುತ್ತದೆ. ಜೊತೆಗೆ ಹಳೆಯ ಸಿಎಂಎಸ್ ಬಹಳ ಸಲ ಹಳೆಯ ಪಿಎಚ್‌ಪಿಯನ್ನೇ ಬೇಡುತ್ತದೆ, ಹೊಸ ಎಂಜಿನ್ ಹೊಸದನ್ನು ಬೇಡುತ್ತದೆ. ಒಂದು ಮನೆಯಲ್ಲಿ ಎರಡು ಅಡುಗೆ. ಮೊದಲು ಮುಖ್ಯ ಜಾಲತಾಣವನ್ನು ಮೇಲ್ದರ್ಜೆಗೆ ಏರಿಸಿ, ಫೈಲ್‌ಗಳು ಮತ್ತು ಡೇಟಾಬೇಸ್ ಎರಡರ ಬ್ಯಾಕಪ್ ತೆಗೆದು ಬೇರೆ ಕಡೆ ಇಟ್ಟು, ಆಮೇಲೆ ಮುಂದುವರಿಯಿರಿ.

ಸ್ಥಾಪನೆ ಸುಲಭ. ಮುಖ್ಯ ಜಾಲತಾಣದ ಮೂಲ ಫೋಲ್ಡರಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಲೇಖನ’ ಎಂಬ ಹೆಸರಿನ ಫೋಲ್ಡರ್ ಮಾಡಿ, ಅದರಲ್ಲಿ ವರ್ಡ್‌ಪ್ರೆಸ್ ಹಾಕಿ, ಹೊಸ ಡೇಟಾಬೇಸಿನ ವಿವರ ಕೊಟ್ಟರೆ ಮುಗಿಯಿತು. ಎರಡು ಎಚ್ಚರಿಕೆಗಳಿವೆ. ಒಂದು, ಆ ಹೆಸರಿನ ಪುಟ ಸಿಎಂಎಸ್‌ನಲ್ಲಿ ಈಗಾಗಲೇ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ನಿಜವಾದ ಫೋಲ್ಡರ್ ಎದುರಿಗೆ ಬಂದಾಗ ಸಿಎಂಎಸ್‌ನ ಕಾಲ್ಪನಿಕ ವಿಳಾಸ ಸೋಲುತ್ತದೆ, ಆ ಹಳೆಯ ಪುಟ ಸದ್ದಿಲ್ಲದೆ ಕಣ್ಮರೆಯಾಗುತ್ತದೆ. ಎರಡು, ಡ್ರುಪಲ್‌ನ ಮೂಲ ಫೋಲ್ಡರಿನಲ್ಲಿರುವ, ಅಪಾಚೆ ವೆಬ್ ಸರ್ವರಿಗೆ ನಿಯಮ ತಿಳಿಸುವ ಎಚ್‌ಟಿಆಕ್ಸೆಸ್ ಫೈಲನ್ನು ಈ ಕೆಲಸಕ್ಕಾಗಿ ತಿದ್ದಲು ಹೋಗಬೇಡಿ. ಪಿಎಚ್‌ಪಿ ತಂತ್ರಾಂಶ ತರಿಸುವ ಕಂಪೋಸರ್ ಎಂಬ ಉಪಕರಣದ ಮೂಲಕ ಡ್ರುಪಲ್ ಅಪ್‌ಡೇಟ್ ಮಾಡಿದಾಗ, ಬೇಡವೆಂದು ಮೊದಲೇ ಸೂಚಿಸಿರದಿದ್ದರೆ, ಆ ಫೈಲ್ ಹೊಸದಾಗಿ ಬರೆಯಲ್ಪಟ್ಟು ನಿಮ್ಮ ತಿದ್ದುಪಡಿ ಅಳಿಸಿಹೋಗುತ್ತದೆ.

ಅತಿ ಹೆಚ್ಚು ಜನ ಸಿಕ್ಕಿಬೀಳುವ ತೊಡಕು ಹೀಗಿದೆ: ಬ್ಲಾಗಿನ ಮುಖಪುಟ ಚೆನ್ನಾಗಿ ತೆರೆದುಕೊಳ್ಳುತ್ತದೆ, ಯಾವ ಲೇಖನ ಒತ್ತಿದರೂ ‘ಪುಟ ಸಿಗಲಿಲ್ಲ’ ಎಂದು ಬರುತ್ತದೆ. ಆಗ ಗಾಬರಿಯಾಗದೆ ಆ ದೋಷಪುಟವನ್ನೇ ಗಮನಿಸಿ ನೋಡಿರಿ. ಅದರ ಮೇಲೆ ಸಂಘದ ಜಾಲತಾಣದ ಮೆನು ಕಾಣುತ್ತಿದ್ದರೆ ಉತ್ತರ ಕೊಟ್ಟದ್ದು ಡ್ರುಪಲ್. ಬ್ಲಾಗಿನ ಥೀಮ್ ಕಾಣುತ್ತಿದ್ದರೆ ಉತ್ತರ ಕೊಟ್ಟದ್ದು ವರ್ಡ್‌ಪ್ರೆಸ್. ಎರಡೂ ಇಲ್ಲದ ಬೋಳು ಬಿಳಿ ಪುಟವಾದರೆ ಅದು ವೆಬ್ ಸರ್ವರಿನದೇ ಉತ್ತರ. ಬಹುಪಾಲು ಮೊದಲನೆಯದೇ ಆಗಿರುತ್ತದೆ. ಅಪಾಚೆ ಸರ್ವರಿನಲ್ಲಿ ಒಳ ಫೋಲ್ಡರಿಗೆ ತನ್ನದೇ ಮರುಬರಹ ನಿಯಮಗಳು, ಅಂದರೆ ಕೋರಿಕೆಯನ್ನು ಯಾವ ಫೈಲಿಗೆ ಕಳಿಸಬೇಕೆಂಬ ಸೂಚನೆಗಳು, ಇದ್ದರೆ ಅವು ಮೇಲಿನ ಫೋಲ್ಡರಿನ ನಿಯಮಗಳನ್ನು ಬದಿಗಿಡುತ್ತವೆ. ಇಲ್ಲದಿದ್ದರೆ ಮೇಲಿನವೇ ಜಾರಿಯಾಗಿ ಕೋರಿಕೆ ಡ್ರುಪಲ್‌ನ ಪಾಲಾಗುತ್ತದೆ. ಅಂದರೆ ‘ಲೇಖನ’ ಫೋಲ್ಡರಿನಲ್ಲಿ ವರ್ಡ್‌ಪ್ರೆಸ್ ತನ್ನ ಎಚ್‌ಟಿಆಕ್ಸೆಸ್ ಫೈಲನ್ನು ಬರೆದುಕೊಂಡಿಲ್ಲ, ಬಹುಶಃ ಬರೆಯುವ ಅನುಮತಿ ಇಲ್ಲ. ಲೇಖನಗಳ ವಿಳಾಸದ ರೂಪ ಆರಿಸುವ ಪರ್ಮಾಲಿಂಕ್ ಸೆಟ್ಟಿಂಗ್ಸ್ ಪುಟಕ್ಕೆ ಹೋಗಿ ಮತ್ತೊಮ್ಮೆ ಉಳಿಸಿದರೆ ಅದು ಬರೆಯಲು ಪ್ರಯತ್ನಿಸುತ್ತದೆ, ಆಗದಿದ್ದರೆ ಕೈಯಿಂದ ಹಾಕಬೇಕಾದ ಸಾಲುಗಳನ್ನು ತೋರಿಸುತ್ತದೆ. ಎಂಜಿನ್‌ಎಕ್ಸ್ ಸರ್ವರ್ ಆದರೆ ಈ ಫೈಲನ್ನು ಅದು ಓದುವುದೇ ಇಲ್ಲ. ಸರ್ವರಿನ ಸಂರಚನೆಯಲ್ಲಿಯೇ ‘ಲೇಖನ’ ಫೋಲ್ಡರಿಗೆ ಪ್ರತ್ಯೇಕ ವಿಭಾಗ ಬರೆದು, ಫೈಲ್ ಸಿಗದ ಕೋರಿಕೆಗಳನ್ನು ಆ ಫೋಲ್ಡರಿನ ಇಂಡೆಕ್ಸ್ ಫೈಲಿಗೆ ಕಳಿಸಬೇಕು.

ರಿವರ್ಸ್ ಪ್ರಾಕ್ಸಿ ಬಳಸಿದವರಿಗೆ ಎದುರಾಗುವ ತೊಡಕು ಬೇರೆ: ಪುಟವು ತನ್ನಿಂದ ತನಗೇ ಸುತ್ತುತ್ತಾ ಕೊನೆಗೆ ಬ್ರೌಸರ್ ಕೈಚೆಲ್ಲುತ್ತದೆ. ಓದುಗರಿಂದ ಮುಂದಿನ ಸರ್ವರಿನವರೆಗೆ ಸುರಕ್ಷಿತ ಎಚ್‌ಟಿಟಿಪಿಎಸ್ ಇದ್ದು, ಅಲ್ಲಿಂದ ಹಿಂದಿನ ಯಂತ್ರಕ್ಕೆ ಸಾದಾ ಎಚ್‌ಟಿಟಿಪಿ ಇರುತ್ತದೆ. ವರ್ಡ್‌ಪ್ರೆಸ್‌ಗೆ ಕಾಣುವುದು ಸಾದಾ ಕೋರಿಕೆ ಮಾತ್ರ, ಆದ್ದರಿಂದ ಅದು ಮತ್ತೆ ಮತ್ತೆ ಸುರಕ್ಷಿತ ವಿಳಾಸಕ್ಕೆ ಹೋಗು ಎಂದು ತಿರುಗಿಸುತ್ತದೆ. ಮೂಲ ಕೋರಿಕೆ ಯಾವ ಬಗೆಯದೆಂಬುದನ್ನು ಮುಂದಿನ ಸರ್ವರ್ ಕೋರಿಕೆಯ ಜೊತೆಗೆ ಹೋಗುವ ಒಂದು ಹೆಡರಿನಲ್ಲಿ ಬರೆದು ಕಳಿಸುವಂತೆಯೂ, ವರ್ಡ್‌ಪ್ರೆಸ್‌ನ ಸಂರಚನೆಯಿರುವ ಡಬ್ಲ್ಯೂಪಿ-ಕಾನ್ಫಿಗ್ ಫೈಲಿನಲ್ಲಿ ಆ ಹೆಡರನ್ನು ಓದಿ ನಂಬುವಂತೆಯೂ ಮಾಡಿದರೆ ಸುತ್ತು ನಿಲ್ಲುತ್ತದೆ. ಅದೇ ಫೈಲಿನಲ್ಲಿ ಬ್ಲಾಗಿನ ಎರಡೂ ವಿಳಾಸಗಳನ್ನು (ವರ್ಡ್‌ಪ್ರೆಸ್ ಇರುವ ವಿಳಾಸ, ಓದುಗರು ತೆರೆಯುವ ವಿಳಾಸ) ಸ್ಥಿರವಾಗಿ ಬರೆದಿಡುವುದು ಕ್ಷೇಮ. ಯಾರೋ ಸೆಟ್ಟಿಂಗ್ಸ್ ಪುಟದಲ್ಲಿ ಕೈಯಾಡಿಸಿ ಬ್ಲಾಗನ್ನು ಬಾಗಿಲು ಮುಚ್ಚಿದಂತೆ ಮಾಡುವುದು ಇದರಿಂದ ತಪ್ಪುತ್ತದೆ.

ತಲೆ, ಪಾದ ಮತ್ತು ಕನ್ನಡದ ಅಕ್ಷರ

ಬ್ಲಾಗಿನ ಪುಟದಲ್ಲಿಯೂ ಸಂಘದ ಲಾಂಛನ, ಮೆನು, ಅಡಿಬರಹ ಒಂದೇ ರೀತಿ ಕಾಣಬೇಕಾದರೆ ಎರಡು ವಿಧಾನಗಳಿವೆ. ಸಿಎಂಎಸ್‌ನಿಂದ ತಲೆಭಾಗದ ಎಚ್‌ಟಿಎಂಎಲ್ ಅನ್ನು ಆಗಾಗ ತರಿಸಿಕೊಂಡು ಬ್ಲಾಗಿನಲ್ಲಿ ತೋರಿಸುವುದು ಒಂದು. ವರ್ಡ್‌ಪ್ರೆಸ್‌ನ ಚೈಲ್ಡ್ ಥೀಮಿನಲ್ಲಿ (ಮೂಲ ಥೀಮನ್ನು ಮುಟ್ಟದೆ ಅದರ ಮೇಲೆ ಬದಲಾವಣೆ ಮಾಡುವ ಥೀಮು) ಅದನ್ನೇ ಕೈಯಿಂದ ನಕಲು ಮಾಡಿ ಇಡುವುದು ಇನ್ನೊಂದು. ಜಾಣರಿಗೆ ಮೊದಲನೆಯದು ಇಷ್ಟವಾಗುತ್ತದೆ. ವರ್ಷಕ್ಕೆ ಎರಡು ಮೂರು ಸಲ ಮೆನು ಬದಲಾಗುವ ಸಂಘಕ್ಕೆ ಎರಡನೆಯದೇ ಸಾಕು ಎಂಬುದು ನನ್ನ ಅನುಭವ. ಮುಖ್ಯ ಜಾಲತಾಣ ನಿಧಾನವಾದ ದಿನ ಬ್ಲಾಗೂ ಕಾಯುತ್ತಾ ನಿಲ್ಲುವುದಿಲ್ಲ. ಬಣ್ಣ ಮತ್ತು ಫಾಂಟುಗಳ ಸಿಎಸ್ಎಸ್ ಮಾತ್ರ ಒಂದೇ ಫೈಲಿನಲ್ಲಿದ್ದು ಎರಡೂ ಕಡೆ ಅದನ್ನೇ ಕರೆಯುವಂತಿರಲಿ. ಮೂಲ ಥೀಮನ್ನು ನೇರವಾಗಿ ತಿದ್ದಬಾರದು, ಮುಂದಿನ ಅಪ್‌ಡೇಟಿನಲ್ಲಿ ಅದು ಹೋಗುತ್ತದೆ.

ಹೊರದೇಶದ ಥೀಮುಗಳನ್ನು ರೋಮನ್ ಅಕ್ಷರಗಳನ್ನು ಕಣ್ಣಮುಂದಿಟ್ಟುಕೊಂಡು ಮಾಡಿರುತ್ತಾರಾದ್ದರಿಂದ ಕನ್ನಡ ಹಾಕಿದ ಕೂಡಲೇ ಕೆಲವು ಕಡೆ ಕುಂಟುತ್ತವೆ. ಶೀರ್ಷಿಕೆಗಳಿಗೆ ಅಕ್ಷರಗಳ ನಡುವೆ ಹೆಚ್ಚಿನ ಅಂತರ ಕೊಟ್ಟಿದ್ದರೆ ಅದನ್ನು ಸೊನ್ನೆಗೆ ಇಳಿಸಿರಿ. ಕನ್ನಡದಲ್ಲಿ ಅದು ಪದವನ್ನು ಚೆದುರಿಸುತ್ತದೆ. ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ 1.6 ಪಟ್ಟಿಗಾದರೂ ಏರಿಸಿರಿ, ಇಲ್ಲದಿದ್ದರೆ ‘ಸ್ತ್ರೀ’, ‘ಕ್ಷ್ಮಿ’ ಇಂಥವುಗಳ ಒತ್ತಕ್ಷರಗಳು ಕೆಳಗಿನ ಸಾಲಿನ ದೀರ್ಘ, ಗುಡಿಸುಗಳಿಗೆ ತಾಗುತ್ತವೆ, ಎತ್ತರ ನಿಗದಿಯಾದ ಮೆನುಪಟ್ಟಿಯಲ್ಲಿ ಅರ್ಧಕ್ಕೆ ಕತ್ತರಿಸಿಹೋಗುತ್ತವೆ. ನೋಟೋ ಸಾನ್ಸ್ ಕನ್ನಡದಂಥ ಮುಕ್ತ ಫಾಂಟನ್ನು ನಿಮ್ಮ ಸರ್ವರಿನಲ್ಲಿಯೇ ಇಟ್ಟು ಎರಡೂ ಕಡೆ ಬಳಸಬಹುದು. ಪುಟದ ಭಾಷೆ ಕನ್ನಡವೆಂದು ಎಚ್‌ಟಿಎಂಎಲ್‌ನಲ್ಲಿ ಘೋಷಿಸುವುದನ್ನು ಮರೆಯಬೇಡಿ. ಬೆಳಗಾವಿಯ ಕಡೆ ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಇರುವ ಜಾಲತಾಣಗಳು ಸಾಮಾನ್ಯ, ಅಂಥಲ್ಲಿ ಪ್ರತಿ ಲೇಖನಕ್ಕೂ ಅದರದೇ ಭಾಷಾ ಸಂಕೇತ ಇರಬೇಕು. ಡ್ರುಪಲ್‌ಗೆ ಈ ಬಹುಭಾಷಾ ಶಕ್ತಿ ಹುಟ್ಟಿನಿಂದ ಅಲ್ಲದಿದ್ದರೂ 8ನೆಯ ಆವೃತ್ತಿಯಿಂದ ಒಳಗೇ ಇದೆ. ವರ್ಡ್‌ಪ್ರೆಸ್‌ಗೆ ಪ್ಲಗಿನ್ ಬೇಕು.

ಇನ್ನೊಂದು ಮಾತು, ಹಳೆಯ ಲೇಖನಗಳ ಬಗ್ಗೆ. ಸಂಘದ ವಾರ್ಷಿಕ ಸಂಚಿಕೆಗಳನ್ನು ಡಿಟಿಪಿ ಮಾಡಿದವರು ಕೊಡುವ ಫೈಲ್ ಬಹಳ ಸಲ ಯೂನಿಕೋಡ್‌ನಲ್ಲಿರುವುದಿಲ್ಲ, ನುಡಿ ಅಥವಾ ಶ್ರೀಲಿಪಿಯ ಹಳೆಯ ಸಂಕೇತದಲ್ಲಿರುತ್ತದೆ. ಅದನ್ನು ಹಾಗೆಯೇ ಅಂಟಿಸಿದರೆ ಪರದೆಯ ಮೇಲೆ ರೋಮನ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಆ ಫಾಂಟನ್ನೇ ಜಾಲತಾಣಕ್ಕೆ ಹಾಕಿಬಿಡಿ, ಸರಿ ಕಾಣುತ್ತದೆ ಎಂದು ಸಲಹೆ ಕೊಡುವವರಿದ್ದಾರೆ. ಕಾಣುತ್ತದೆ, ಆದರೆ ಹುಡುಕಿದರೆ ಸಿಗುವುದಿಲ್ಲ. ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಿಸಿ, ಅರ್ಕಾವೊತ್ತು ಇರುವ ಪದಗಳನ್ನು ಕಣ್ಣಿಟ್ಟು ಓದಿದ ಮೇಲೆಯೇ ಏರಿಸಿರಿ.

ಮುಖಪುಟದಲ್ಲಿ ಹೊಸ ಲೇಖನಗಳು

ಸಂಘದ ಮುಖಪುಟದಲ್ಲಿ ಇತ್ತೀಚಿನ ನಾಲ್ಕು ಲೇಖನಗಳ ಶೀರ್ಷಿಕೆ ತಾನಾಗಿ ಬರಬೇಕು. ವರ್ಡ್‌ಪ್ರೆಸ್‌ನ 4.7ನೆಯ ಆವೃತ್ತಿಯಿಂದ, ಅಂದರೆ 2016ರ ಡಿಸೆಂಬರಿನಿಂದ, ಲೇಖನಗಳನ್ನು ಬೇರೆ ತಂತ್ರಾಂಶಗಳು ಓದಬಲ್ಲ ಜೇಸನ್ ರೂಪದಲ್ಲಿ ಕೊಡುವ ರೆಸ್ಟ್ ಎಪಿಐ ಅದರೊಳಗೇ ಇದೆ. ಏನೂ ಹೇಳದಿದ್ದರೆ ಅದು ಒಂದು ಸಲಕ್ಕೆ 10 ಲೇಖನ ಕೊಡುತ್ತದೆ, ಕೇಳಿದರೆ 100ರವರೆಗೆ ಕೊಡುತ್ತದೆ. ನಾಲ್ಕೇ ಸಾಕೆಂದೂ, ಶೀರ್ಷಿಕೆ, ಕೊಂಡಿ, ದಿನಾಂಕ, ಸಾರಾಂಶ ಮಾತ್ರ ಬೇಕೆಂದೂ ಕೇಳಿರಿ. ಇಲ್ಲದಿದ್ದರೆ ಪೂರ್ತಿ ಲೇಖನಗಳೇ ಹೊತ್ತು ಬರುತ್ತವೆ. ಹೊಸ ಲೇಖನಗಳ ಪಟ್ಟಿ ಕೊಡುವ ಆರ್‌ಎಸ್‌ಎಸ್ ಫೀಡಿನಿಂದಲೂ ಇದೇ ಕೆಲಸ ಆಗುತ್ತದೆ, ಬ್ಲಾಗರ್ ಬಳಸುವವರಿಗೆ ಅದೇ ಹತ್ತಿರದ ದಾರಿ.

ಈ ತರಿಸಿಕೊಳ್ಳುವಿಕೆ ಓದುಗರ ಬ್ರೌಸರಿನಲ್ಲಿ ನಡೆಯದೆ ಡ್ರುಪಲ್‌ನ ಕಡೆಯಿಂದ, ಸರ್ವರಿನಲ್ಲಿಯೇ ನಡೆಯಲಿ. ಬಂದದ್ದನ್ನು ಹದಿನೈದು ನಿಮಿಷ ಕ್ಯಾಶ್ ಎಂಬ ತಾತ್ಕಾಲಿಕ ದಾಸ್ತಾನಿನಲ್ಲಿ ಇಟ್ಟುಕೊಳ್ಳಿ, ಉತ್ತರಕ್ಕಾಗಿ ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಕಾಯಬೇಡಿ, ಬಾರದಿದ್ದರೆ ಕಳೆದ ಸಲದ ಪಟ್ಟಿಯನ್ನೇ ತೋರಿಸಿರಿ. ಬ್ಲಾಗ್ ಬಿದ್ದ ದಿನ ಸೀರೆಗಳ ದರಪಟ್ಟಿಯೂ ತೆರೆಯದಂತಾಗಬಾರದು.

ಇಲ್ಲಿ ಎರಡು ಸಣ್ಣ ದೋಷಗಳು ಖಂಡಿತ ಕಾಣಿಸಿಕೊಳ್ಳುತ್ತವೆ. ಎಪಿಐ ಕೊಡುವ ಶೀರ್ಷಿಕೆಯಲ್ಲಿ ಉದ್ಧರಣ ಚಿಹ್ನೆಗಳು ಈಗಾಗಲೇ ಎಚ್‌ಟಿಎಂಎಲ್ ಸಂಕೇತಗಳಾಗಿ ಬದಲಾಗಿರುತ್ತವೆ. ಡ್ರುಪಲ್‌ನಲ್ಲಿ ಪುಟ ರೂಪಿಸುವ ಟ್ವಿಗ್ ಅದನ್ನು ಸುರಕ್ಷತೆಗಾಗಿ ಇನ್ನೊಮ್ಮೆ ಬದಲಿಸಿದಾಗ ಶೀರ್ಷಿಕೆಯ ನಡುವೆ ‘8217’ ಎಂಬಂಥ ಅಂಕಿಗಳು ಉದ್ಭವಿಸುತ್ತವೆ. ಮೊದಲು ಸಂಕೇತ ಬಿಚ್ಚಿ, ಆಮೇಲೆ ಟ್ವಿಗ್‌ಗೆ ಕೊಡಬೇಕು. ಎರಡನೆಯದು ಸಾರಾಂಶದ ಉದ್ದ. ವರ್ಡ್‌ಪ್ರೆಸ್ ತಾನಾಗಿ ಮಾಡುವ ಸಾರಾಂಶ 55 ಪದಗಳದ್ದು. ಇಂಗ್ಲಿಷಿನ 55 ಪದಗಳಿಗಿಂತ ಕನ್ನಡದ 55 ಪದಗಳು ಬಹಳ ಹೆಚ್ಚು ಜಾಗ ಹಿಡಿಯುತ್ತವೆ. ‘ನೇಯುತ್ತಿದ್ದವರಿಗೂ’ ಎನ್ನುವುದು ನಮಗೆ ಒಂದೇ ಪದವಲ್ಲವೇ! ಇಪ್ಪತ್ತೈದಕ್ಕೆ ಇಳಿಸಿದರೆ ಪೆಟ್ಟಿಗೆಯೊಳಗೆ ಕೂರುತ್ತದೆ. ಪದದ ಬದಲು ಬೈಟ್ ಲೆಕ್ಕದಲ್ಲಿ ಕತ್ತರಿಸಲು ಹೋದರೆ ಮಾತ್ರ ಅನಾಹುತ: ಕನ್ನಡದ ಪ್ರತಿ ಸಂಕೇತಕ್ಕೂ ಯುಟಿಎಫ್-8ರಲ್ಲಿ ಮೂರು ಬೈಟ್, ನಡುವೆ ಕತ್ತರಿ ಬಿದ್ದರೆ ಸಾಲಿನ ಕೊನೆಗೆ ಪ್ರಶ್ನಾರ್ಥಕ ಚಿಹ್ನೆಯ ಕಪ್ಪು ವಜ್ರ ಕಾಣುತ್ತದೆ. ಪಿಎಚ್‌ಪಿಯಲ್ಲಿ ಪೂರ್ತಿ ಅಕ್ಷರವನ್ನು ಗುರುತಿಸುವ ಗ್ರಾಫೀಮ್ ಕಾರ್ಯಗಳಿವೆ, ಅವನ್ನು ಬಳಸಿರಿ.

ಲೇಖನದ ವಿಳಾಸವನ್ನು ಕನ್ನಡದಲ್ಲಿ ಬಿಡಬೇಡಿ

ಇದನ್ನು ಹೇಳಲು ನನಗೇ ಬೇಸರ, ಆದರೂ ಹೇಳಬೇಕು. ವರ್ಡ್‌ಪ್ರೆಸ್ ಶೀರ್ಷಿಕೆಯಿಂದಲೇ ಲೇಖನದ ವಿಳಾಸದ ಕೊನೆಯ ಭಾಗವನ್ನು ಮಾಡಿಕೊಳ್ಳುತ್ತದೆ. ಅದನ್ನು ಸ್ಲಗ್ ಎನ್ನುತ್ತಾರೆ. ಡೇಟಾಬೇಸಿನಲ್ಲಿ ಅದಕ್ಕೆ ಇರುವ ಜಾಗ 200 ಅಕ್ಷರ. ಕನ್ನಡದ ಒಂದೊಂದು ಸಂಕೇತವೂ ಮೂರು ಬೈಟ್, ಒಂದೊಂದು ಬೈಟೂ ವಿಳಾಸದಲ್ಲಿ ಶೇಕಡಾ ಚಿಹ್ನೆ ಸೇರಿ ಮೂರು ಅಕ್ಷರವಾಗುವುದರಿಂದ, ಒಂದು ಸಂಕೇತಕ್ಕೆ ಒಂಬತ್ತು ಸ್ಥಾನ ಬೇಕು. ‘ಇಳಕಲ್ ಸೀರೆಯ ಸೆರಗು ನೇಯುವ ಬಗೆ’ ಎಂಬ ಸಾಮಾನ್ಯ ಶೀರ್ಷಿಕೆಯನ್ನೇ ತೆಗೆದುಕೊಳ್ಳಿ. ಕಾಗುಣಿತದ ಚಿಹ್ನೆಗಳನ್ನೂ ಎಣಿಸಿದರೆ ಇದರಲ್ಲಿ 23 ಸಂಕೇತಗಳಿವೆ. ಒಂಬತ್ತರಿಂದ ಗುಣಿಸಿದರೆ 207, ಪದಗಳ ನಡುವಿನ ನಾಲ್ಕು ಅಡ್ಡಗೆರೆ ಸೇರಿ 211. ಇನ್ನೂರರ ಗಡಿಯಲ್ಲಿ ಕತ್ತರಿ ಬಿದ್ದು ‘ಬಗೆ’ ಎಂಬುದು ಬರೀ ‘ಬ’ ಆಗಿ ನಿಲ್ಲುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಅಂಟಿಸಿದಾಗ ಈ ವಿಳಾಸ ನಾಲ್ಕೈದು ಸಾಲು ಶೇಕಡಾ ಚಿಹ್ನೆಗಳ ಮೆರವಣಿಗೆಯಾಗಿ ಬರುವುದೂ ಉಂಟು, ಅದನ್ನು ಕಂಡವರು ಏನೋ ಮೋಸದ ಕೊಂಡಿಯೆಂದು ಒತ್ತುವುದೇ ಇಲ್ಲ.

ಆದ್ದರಿಂದ ಪ್ರಕಟಿಸುವ ಮುನ್ನ ಪ್ರತಿ ಲೇಖನದ ಸ್ಲಗ್ ಅನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಮೂರು ನಾಲ್ಕು ಪದಗಳಿಗೆ ಇಳಿಸಿ ಬರೆಯುವುದನ್ನು ರೂಢಿ ಮಾಡಿಸಿರಿ. ಅನುವಾದ ಬೇಡ, ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಸಾಕು. ಈಗಾಗಲೇ ಪ್ರಕಟವಾದ ಕನ್ನಡ ವಿಳಾಸಗಳನ್ನು ಬದಲಿಸುವುದಾದರೆ ಹಳೆಯದರಿಂದ ಹೊಸದಕ್ಕೆ 301 ಎಂಬ ಶಾಶ್ವತ ಮರುನಿರ್ದೇಶನ ಇರಲಿ.

ಯಾರಿಗೆ ಯಾವ ಕೀಲಿ

ಎರಡೂ ಎಂಜಿನ್‌ಗಳಿಗೆ ಒಂದೇ ಲಾಗಿನ್ ಮಾಡಿಕೊಡಿ ಎಂಬ ಬೇಡಿಕೆ ಬರುತ್ತದೆ. ಓಪನ್‌ಐಡಿ ಕನೆಕ್ಟ್ ಎಂಬ ಲಾಗಿನ್ ಹಂಚಿಕೆಯ ವ್ಯವಸ್ಥೆಯ ಮೂಲಕ ಅದು ಸಾಧ್ಯ. ಬರೆಯುವವರು ಐದಾರು ಜನ ಇರುವಲ್ಲಿ ಅದರ ನಿರ್ವಹಣೆಯೇ ಲೇಖನಕ್ಕಿಂತ ದೊಡ್ಡ ಕೆಲಸವಾದೀತು. ಬೇರೆ ಬೇರೆ ಲಾಗಿನ್ ಇರಲಿ. ಸಂಘದ ಕಾರ್ಯದರ್ಶಿಗಳಿಗೆ ಗೌರವಕ್ಕಾಗಿ ಅಡ್ಮಿನಿಸ್ಟ್ರೇಟರ್ ಪಾತ್ರ ಕೊಡುವ ಪದ್ಧತಿಯನ್ನು ಮಾತ್ರ ಬಿಡಿ, ಅವರಿಗೆ ಎಡಿಟರ್ ಪಾತ್ರ ಸಾಕು. ಬರೆಯುವವರಿಗೆ ಕಂಟ್ರಿಬ್ಯೂಟರ್ ಪಾತ್ರ ಕೊಟ್ಟರೆ ಅವರು ಬರೆದದ್ದು ಪರಿಶೀಲನೆಯಾದ ಮೇಲೆಯೇ ಪ್ರಕಟವಾಗುತ್ತದೆ ಎಂಬ ಅನುಕೂಲವಿದೆ, ಆದರೆ ಆ ಪಾತ್ರದವರಿಗೆ ಚಿತ್ರ ಏರಿಸಲು ಬರುವುದಿಲ್ಲ. ಮಗ್ಗದ ಮುಂದೆ ನಿಂತು ಫೋಟೋ ತೆಗೆದು ಬರೆಯುವವರಿಗೆ ಇದು ದೊಡ್ಡ ಅಡ್ಡಿ. ಅಂಥವರಿಗೆ ಆಥರ್ ಪಾತ್ರ ಕೊಡಬೇಕಾಗುತ್ತದೆ.

ಹುಡುಕಾಟ, ಸಮಯ ಮತ್ತು ಕೊನೆಯ ತಪಾಸಣೆ

ಹುಡುಕುವ ಯಂತ್ರಗಳು ತಮಗೆ ಸೂಚನೆ ಕೊಡುವ ರೋಬೋಟ್ಸ್ ಫೈಲನ್ನು ಡೊಮೈನಿನ ಮೂಲ ಫೋಲ್ಡರಿನಲ್ಲಿ ಮಾತ್ರ ನೋಡುತ್ತವೆ. ಉಪಫೋಲ್ಡರಿನಲ್ಲಿರುವ ವರ್ಡ್‌ಪ್ರೆಸ್ ಏನು ಹೇಳಿದರೂ ಅದು ಅವುಗಳ ಕಿವಿಗೆ ಬೀಳುವುದಿಲ್ಲ. ವರ್ಡ್‌ಪ್ರೆಸ್ 5.5ರಿಂದ, ಅಂದರೆ 2020ರಿಂದ, ಅದು ತನ್ನ ಪುಟಗಳ ಪಟ್ಟಿಯಾದ ಸೈಟ್‌ಮ್ಯಾಪನ್ನು ತಾನೇ ಮಾಡಿಕೊಳ್ಳುತ್ತದೆ. ಅದರ ಪೂರ್ತಿ ವಿಳಾಸವನ್ನು ಮುಖ್ಯ ಜಾಲತಾಣದ ರೋಬೋಟ್ಸ್ ಫೈಲಿನಲ್ಲಿ ಒಂದು ಸಾಲಾಗಿ ಸೇರಿಸಬೇಕು. ಪರೀಕ್ಷೆಯ ಅವಧಿಯಲ್ಲಿ ಬ್ಲಾಗನ್ನು ಹುಡುಕುವ ಯಂತ್ರಗಳಿಂದ ಮರೆಮಾಡುವ ಗುರುತು ಹಾಕಿದ್ದರೆ, ಬಿಡುಗಡೆಯ ದಿನ ಅದನ್ನು ತೆಗೆಯಲು ಚೀಟಿ ಬರೆದಿಟ್ಟುಕೊಳ್ಳಿ. ಮುಖ್ಯ ಜಾಲತಾಣದ ಹುಡುಕು ಪೆಟ್ಟಿಗೆಗೆ ಬ್ಲಾಗಿನ ಲೇಖನಗಳು ಸಿಗುವುದಿಲ್ಲ ಎಂಬುದೂ ನೆನಪಿರಲಿ. ಫಲಿತಾಂಶಗಳ ಕೆಳಗೆ ‘ಇದೇ ಪದವನ್ನು ಲೇಖನಗಳಲ್ಲಿ ಹುಡುಕಿರಿ’ ಎಂದು ಬ್ಲಾಗಿನ ಹುಡುಕಾಟಕ್ಕೆ ಕೊಂಡಿ ಕೊಟ್ಟರೆ ಬಹುಪಾಲು ಓದುಗರಿಗೆ ಸಾಕಾಗುತ್ತದೆ.

ಎಂಜಿನ್‌ಗಳ ಮುಂದೆ ಕ್ಯಾಶ್ ಸರ್ವರ್ ಇದ್ದರೆ ಬ್ಲಾಗಿನ ಆಡಳಿತ ಪುಟಗಳನ್ನೂ ಲಾಗಿನ್ ಆದವರನ್ನೂ ಅದರಿಂದ ಹೊರಗಿಡಿ, ಇಲ್ಲದಿದ್ದರೆ ಒಬ್ಬರಿಗಾಗಿ ಸಿದ್ಧವಾದ ಪುಟ ಇನ್ನೊಬ್ಬರಿಗೆ ಕಂಡೀತು. ಸಮಯ ವಲಯವನ್ನು ಕೋಲ್ಕತ್ತ ಎಂದು ಆರಿಸಿರಿ. ಜಾಗತಿಕ ಸಮಯವಾದ ಯುಟಿಸಿಯಲ್ಲಿಯೇ ಬಿಟ್ಟರೆ ಬೆಳಿಗ್ಗೆ ಆರಕ್ಕೆಂದು ನಿಗದಿಪಡಿಸಿದ ಲೇಖನ ಹನ್ನೊಂದೂವರೆಗೆ ಹೊರಬರುತ್ತದೆ. ವಲಯ ಸರಿಯಿದ್ದರೂ ತಡವಾಗುವ ಇನ್ನೊಂದು ಕಾರಣವಿದೆ: ವರ್ಡ್‌ಪ್ರೆಸ್‌ನ ಒಳಗಿನ ವೇಳಾಪಟ್ಟಿ ಗಡಿಯಾರದಿಂದಲ್ಲ, ಯಾರಾದರೂ ಜಾಲತಾಣಕ್ಕೆ ಭೇಟಿ ಕೊಟ್ಟಾಗ ನಡೆಯುತ್ತದೆ. ಓದುಗರು ಕಡಿಮೆ ಇರುವ ಹೊತ್ತಿನಲ್ಲಿ ಲೇಖನ ಕಾಯುತ್ತಾ ಕುಳಿತಿರುತ್ತದೆ. ಅದನ್ನು ಡಬ್ಲ್ಯೂಪಿ-ಕಾನ್ಫಿಗ್‌ನಲ್ಲಿ ನಿಲ್ಲಿಸಿ, ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಸರ್ವರಿನ ಕ್ರಾನ್ ಮೂಲಕ ಹತ್ತು ನಿಮಿಷಕ್ಕೊಮ್ಮೆ ಓಡಿಸಿರಿ.

ಎಲ್ಲ ಮುಗಿದ ಮೇಲೆ ಕಚೇರಿಯ ವೈಫೈ ಬಿಟ್ಟು, ಲಾಗಿನ್ ಆಗಿರದ ಸಾಧಾರಣ ಮೊಬೈಲಿನಲ್ಲಿ ಮೊಬೈಲ್ ಡೇಟಾದಿಂದ ಒಂದು ಲೇಖನ ತೆರೆದು ನೋಡಿರಿ. ಬ್ಲಾಗಿನಿಂದ ಸೀರೆಗಳ ಪಟ್ಟಿಗೂ, ಅಲ್ಲಿಂದ ಮತ್ತೆ ಬ್ಲಾಗಿಗೂ ಹೋಗಿ ಬನ್ನಿ. ಇಲ್ಲದ ಲೇಖನವೊಂದರ ವಿಳಾಸ ಒತ್ತಿ ದೋಷಪುಟ ಯಾರ ಹೆಸರಿನಲ್ಲಿ ಬರುತ್ತದೆಂದು ಗಮನಿಸಿ. ಮೊದಲು ತೆರೆದ ಲೇಖನದ ಕೊಂಡಿಯನ್ನು ವಾಟ್ಸ್ಆ್ಯಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಂಡು, ಚಿತ್ರ ಮತ್ತು ಶೀರ್ಷಿಕೆ ಸರಿಯಾಗಿ ಬಂದವೇ ಎಂದು ನೋಡಿ. ಬಾರದಿದ್ದರೆ ಪುಟದಲ್ಲಿ ಹಂಚಿಕೆಗೆ ಶೀರ್ಷಿಕೆ, ಚಿತ್ರ ತಿಳಿಸುವ ಓಪನ್ ಗ್ರಾಫ್ ಗುರುತುಗಳು ಇವೆಯೇ, ಅವುಗಳಲ್ಲಿ ಚಿತ್ರದ ವಿಳಾಸ ಎಚ್‌ಟಿಟಿಪಿಎಸ್‌ನಿಂದ ಆರಂಭವಾಗಿದೆಯೇ ಎಂಬುದನ್ನು ಮೊದಲು ಪರಿಶೀಲಿಸಿರಿ.